ನಾಲ್ಕನೇ ಮೆಟ್ಟಿಲು

ನಾನೊಂದು ಏಣಿ. ಹತ್ತಿದ ಮೇಲೆ ಏಣಿ ಒದೆಯುವವರ ಬಗ್ಗೆ ಗಾದೆ ಕಟ್ಟಿದ್ದೀರಿ, ಸಂತೋಷ. ಹತ್ತುವ ಮೊದಲು ಅದರ ಮೆಟ್ಟಿಲು ನೋಡುವವರ ಬಗ್ಗೆ ಒಂದನ್ನೂ ಕಟ್ಟಲಿಲ್ಲವಲ್ಲ!

ನಾನು ಹುಟ್ಟಿದ್ದೇ ತಡವಾಗಿ. ಯುಗಾದಿಗೆ ಕೊಡುತ್ತೇನೆಂದು ಒಪ್ಪಿಕೊಂಡಿದ್ದ ತಿಪಟೂರಿನ ಬಡಗಿ ವೀರಾಚಾರಿ ಗೌರಿಹಬ್ಬ ಬಂದರೂ ಉಳಿ ಮುಟ್ಟಿರಲಿಲ್ಲ. ಗಿರಾಕಿ ಬಂದು ಅಂಗಳದಲ್ಲಿ ಪಟ್ಟು ಹಿಡಿದು ಕುಳಿತ ದಿನ ಎದ್ದೆನೋ ಬಿದ್ದೆನೋ ಎಂದು ನನ್ನನ್ನು ಜೋಡಿಸಿದ. ಉಳಿದ ಮೆಟ್ಟಿಲುಗಳಿಗೆ ಒಣಗಿದ ಹೊನ್ನೆ ಸಿಕ್ಕಿತು. ಕೆಳಗಿನಿಂದ ನಾಲ್ಕನೆಯದಕ್ಕೆ ಮಾತ್ರ ಕೈಗೆ ಸಿಕ್ಕಿದ ಹಸಿ ಮರದ ತುಂಡು. ಅದು ಒಣಗುತ್ತಾ ಬಿರುಕು ಬಿಟ್ಟಿತು.

ಆ ಗಿರಾಕಿ ಪಂಚಾಕ್ಷರಯ್ಯ. ಶಾಮಿಯಾನ, ದೀಪದ ಸರ ಬಾಡಿಗೆಗೆ ಕೊಡುವುದು ಅವನ ವ್ಯಾಪಾರ. ಸಾಮಾನೆಲ್ಲ ಅಟ್ಟದ ಮೇಲೆ, ಅಟ್ಟಕ್ಕೆ ನಾನೇ ದಾರಿ. ಅವನ ಶಾಮಿಯಾನಕ್ಕೆ ಊರಲ್ಲಿ ಹೆಸರು ಬಂದಿದ್ದು ಹೆಂಡತಿ ಮಂಗಳಮ್ಮನಿಂದ. ಅಂಚಿನುದ್ದಕ್ಕೂ ಅವಳು ಬಣ್ಣದ ಬಟ್ಟೆಯ ಹೂಗಳನ್ನು ಹೊಲಿಯುತ್ತಿದ್ದಳು. ಬಿರುಕು ಮೊದಲು ಕಂಡಿದ್ದೂ ಅವಳಿಗೇ.

"ರೀ, ಇದೊಂದು ಮೆಟ್ಲು ಬದಲಾಯ್ಸಿ."

"ಆಷಾಢ ಕಳೀಲಿ ಕಣೇ."

ಆಷಾಢ ಕಳೆಯಿತು. ಶ್ರಾವಣದ ಪೂಜೆ ಬಂತು, ದಸರೆ ಬಂತು, ಮದುವೆ ಸೀಸನ್ನು ಬಂತು. ಇಡೀ ಪಂಚಾಂಗದಲ್ಲಿ ಎರಡು ಮೊಳೆ ಹೊಡೆಯಲು ಮುಹೂರ್ತವೇ ಇರಲಿಲ್ಲ!

ಮೆಟ್ಟಿಲು ಸರಿಮಾಡುವ ಬದಲು ಎಲ್ಲರೂ ಅದನ್ನು ದಾಟುವುದನ್ನು ಕಲಿತರು. ನನ್ನನ್ನು ಎರವಲು ಒಯ್ಯುವ ನೆರೆಯವರಿಗೂ "ನಾಲ್ಕನೇದು ಹುಷಾರು" ಎಂಬ ಉಪದೇಶವಾಗುತ್ತಿತ್ತು. ಸಾಮಾನು ಹೊತ್ತು ಇಳಿಯುವವರಿಗೆ ಕಾಲಡಿ ಕಾಣದು. ಅದಕ್ಕೆ ಪಂಚಾಕ್ಷರಯ್ಯ ಕೆಳಗೆ ನಿಂತು, "ಬಂತು ನೋಡು, ದಾಟು!" ಎಂದು ಕೂಗುತ್ತಿದ್ದ. ವರ್ಷಗಟ್ಟಲೆ ಕೂಗಿದ. ಆ ಗಂಟಲಿಗೆ ಕೊಟ್ಟ ಕೆಲಸದಲ್ಲಿ ಕಾಲುಪಾಲು ಸುತ್ತಿಗೆಗೆ ಕೊಟ್ಟಿದ್ದರೆ!

ಅದೊಂದು ದಿನ ಸಂಜೆ ಛತ್ರದಲ್ಲಿ ವರಪೂಜೆ. ದೀಪದ ಸರಗಳನ್ನು ಬೆಳಿಗ್ಗೆಯೇ ಇಳಿಸಬೇಕಿತ್ತು. "ಸಂಜೆಗೆ ತಾನೆ" ಎಂದು ಪಂಚಾಕ್ಷರಯ್ಯ ಊಟ ಮಾಡಿ ಮಲಗಿದ. ಎದ್ದಾಗ ಬಾಗಿಲಲ್ಲಿ ಟೆಂಪೋ ಹಾರನ್ ಹೊಡೆಯುತ್ತಿತ್ತು. ಮಂಗಳಮ್ಮ ಗಡಿಬಿಡಿಯಲ್ಲಿ ಅಟ್ಟ ಹತ್ತಿ, ಸರಗಳ ಬುಟ್ಟಿಯನ್ನು ಎದೆಗವಚಿಕೊಂಡು ಇಳಿಯತೊಡಗಿದಳು. ಅಷ್ಟರಲ್ಲಿ ಇವನ ಫೋನು ಹೊಡೆದುಕೊಂಡಿತು. ಹೆಣ್ಣಿನ ತಂದೆ. "ಹೊರಟಾಯ್ತು ಸ್ವಾಮಿ, ದಾರೀಲೇ ಇದೀವಿ" ಎನ್ನುತ್ತಾ ಇವನು ಹೊರಗೆ ನಡೆದ.

ಕೂಗುವ ದನಿ ಬರಲಿಲ್ಲ. ಇನ್ನೂ ನಾಲ್ಕನೆಯದು ಬಂದಿಲ್ಲವೆಂದುಕೊಂಡು ಅವಳು ಕಾಲಿಟ್ಟಳು. ನಾನು ಲಟಲಟನೆ ಅರಚಿದೆ. ನನಗೆ ಬರುವ ಭಾಷೆ ಅದೊಂದೇ. ಅವಳು ಬಲಗೈ ಮೇಲೆ ಬಿದ್ದಳು.

ಆಸ್ಪತ್ರೆಯಿಂದ ಬಂದವನೇ ಪಂಚಾಕ್ಷರಯ್ಯ ಗಟ್ಟಿ ಮರದ ತುಂಡು ತಂದ, ಕೊಯ್ದ, ಕೂರಿಸಿದ, ಮೊಳೆ ಹೊಡೆದ. ಪಕ್ಕದ ಮನೆಯವರು ತಂದಿಟ್ಟ ಕಾಫಿ ಇನ್ನೂ ಆರಿರಲಿಲ್ಲ. ಇಷ್ಟೇ ಕೆಲಸ ಕಣ್ರಯ್ಯಾ! ಮೈಯೆಲ್ಲ ಉರಿದುಹೋಯಿತು ನನಗೆ.

ಬ್ಯಾಂಡೇಜು ಬಿಚ್ಚಿದ ಮೇಲೂ ಮಂಗಳಮ್ಮನ ಬೆರಳು ಮಡಚಲು ಬರಲಿಲ್ಲ. ಸೂಜಿ ಹಿಡಿದರೆ ಜಾರಿ ಬೀಳುತ್ತದೆ. ಈಗಿನ ಶಾಮಿಯಾನಗಳಿಗೆ ಹೂವಿನ ಅಂಚಿಲ್ಲ.

ನಾನೂ ಮುದಿಯಾದೆ. ಈಗಲೂ ಅವಳು ಹಗುರ ಸಾಮಾನಿಗೆಂದು ಹತ್ತುತ್ತಾಳೆ. ಹೊಸ ಮೆಟ್ಟಿಲು ಕಲ್ಲಿನಂತಿದೆ, ಆದರೂ ಅವಳ ಕಾಲು ಅದನ್ನು ದಾಟಿಯೇ ಹೋಗುತ್ತದೆ. ಮೊನ್ನೆ ಪಂಚಾಕ್ಷರಯ್ಯ ತಡೆಯಲಾರದೆ ಅಂದ, "ಇಡೇ ಮಂಗಳಾ, ಅದು ಗಟ್ಟಿಯಾಗಿದೆ."

"ನಂಗೊತ್ತು ಕಣ್ರೀ," ಎಂದಳು ಅವಳು. "ಕಾಲು ಕೇಳ್ಬೇಕಲ್ಲ."

ಅವಳು ಇಳಿಯುವವರೆಗೂ ಅವನು ಎರಡೂ ಕೈಯಿಂದ ನನ್ನನ್ನು ಹಿಡಿದು ನಿಂತಿದ್ದ.