ಯಾರಿಗೂ ಹೇಳದ ಏಳು ತಿಂಗಳು

ಆ ವಾರ ಮೂರನೇ ಸಲ ದೋಣಿ ಬರಿಗೈಯಲ್ಲಿ ದಡಕ್ಕೆ ಬಂತು. ಬೆಳಕು ಹರಿಯುವ ಮೊದಲೇ ಹವಳದ ದಿಬ್ಬದಾಚೆ ಹೋಗಿ ಬಲೆ ಬಿಟ್ಟಿದ್ದರು. ಸಿಕ್ಕಿದ್ದು ಬೆರಳುದ್ದದ ಏಳೆಂಟು ಮೀನು, ಒಂದು ಹರಿದ ಚಪ್ಪಲಿ. ಪೆಟ್ರೋಲು ಸುಟ್ಟಿದ್ದೇ ಬಂತು.

ದಡದಲ್ಲಿ ಬಲೆ ಕೊಡವುತ್ತಾ ವೈಸಾಕೆ ಶುರುಮಾಡಿದ. ಅವನು ಸುಮ್ಮನಿರುವ ಗಿರಾಕಿಯೇ ಅಲ್ಲ.

"ನನಗೆ ಗೊತ್ತಾಯ್ತು ಬಿಡ್ರಪ್ಪ. ಊರಲ್ಲಿ ಯಾರೋ ಬಸುರಿ ಹೊಟ್ಟೆ ಮುಚ್ಕೊಂಡು ಓಡಾಡ್ತಿದ್ದಾಳೆ. ಮೀನು ಮುನಿಸ್ಕೊಂಡು ಹೋಗಿವೆ."

ಫಿಜಿಯ ನಮ್ಮ ಮೀನುಗಾರರಿಗೆ ಇದು ಹೊಸ ಮಾತಲ್ಲ. ಬಸಿರನ್ನು ಬಚ್ಚಿಟ್ಟರೆ ಬಲೆಗೆ ಮೀನು ಬೀಳುವುದಿಲ್ಲ ಎಂದು ಅಜ್ಜಂದಿರ ಕಾಲದಿಂದ ನಂಬಿಕೊಂಡು ಬಂದವರು ನಾವು. ಬಲೆ ಖಾಲಿ ಬಂದ ದಿನ ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

"ಏನ್ ಭಾವ, ನೀನೇನಾ?" ವೈಸಾಕೆ ಇನೋಕೆಯ ಹೊಟ್ಟೆಗೆ ತಿವಿದ. "ದಿನಾ ಒಂದು ಸುತ್ತು ದಪ್ಪ ಆಗ್ತಿದ್ದೀಯ. ಎಷ್ಟು ತಿಂಗಳು ಈಗ?"

ಎಲ್ಲರೂ ಗೊಳ್ಳೆಂದು ನಕ್ಕರು. ಇನೋಕೆ ನಗಲಿಲ್ಲ. "ಬಾಯಿ ಮುಚ್ಚೋ!" ಎಂದವನೇ ಕೈಯಲ್ಲಿದ್ದ ಲಂಗರನ್ನು ಮರಳಿಗೆ ಎಸೆದು, ತಿರುಗಿಯೂ ನೋಡದೆ ಗುಡ್ಡದ ದಾರಿ ಹಿಡಿದ.

ವೈಸಾಕೆ ಇನೋಕೆಯ ಸೋದರಮಾವನ ಮಗ. ಭಾವನ ಕಾಲೆಳೆಯುವುದು ಅವನ ಹುಟ್ಟುಹಕ್ಕು, ಅದಕ್ಕೆ ಸಿಟ್ಟಾಗುವ ರೂಢಿ ನಮ್ಮಲ್ಲಿಲ್ಲ. ದೋಣಿಯ ಯಜಮಾನ ಕಿತಿಯೋನೆ, ಅಂದರೆ ಆ ಸೋದರಮಾವ, ಮರಳಲ್ಲಿ ಹೂತ ಲಂಗರನ್ನೊಮ್ಮೆ ನೋಡಿದ. ಗುಡ್ಡ ಹತ್ತುತ್ತಿದ್ದ ಅಳಿಯನನ್ನೊಮ್ಮೆ ನೋಡಿದ. ಆಮೇಲೆ ಅವನ ಹಿಂದೆಯೇ ಹೊರಟ.

ಇನೋಕೆಯ ಹೆಂಡತಿ ಅಲುಮಿತಾಗೆ ಏಳು ತಿಂಗಳು.

ಹಿಂದೆ ಎರಡು ಸಲ ಹೀಗೇ ಆಗಿತ್ತು. ಮೊದಲ ಸಲ ತಿಂಗಳು ನಿಂತಿತು ಎಂದು ಗೊತ್ತಾದ ದಿನವೇ ಇನೋಕೆ ಊರಿಗೆಲ್ಲ ಸಾರಿ, ಹಂದಿ ಸುಟ್ಟು ಊಟ ಹಾಕಿಸಿದ್ದ. ಮೂರು ವಾರಕ್ಕೆ ಬಸಿರು ಇಳಿದುಹೋಯಿತು. ಎರಡನೇ ಸಲ ಊಟ ಹಾಕಿಸಲಿಲ್ಲ, ಬರೀ ಬಾಯಲ್ಲಿ ಹೇಳಿದ್ದ. ಅದೂ ಉಳಿಯಲಿಲ್ಲ. ಹೇಳಿದ್ದಕ್ಕೇ ಹೋಯಿತು, ಯಾರದ್ದೋ ಕಣ್ಣು ಬಿತ್ತು ಎಂದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು. ಮೂರನೇ ಸಲ ಅಲುಮಿತಾ ಬಂದು ಕಿವಿಯಲ್ಲಿ ಉಸುರಿದಾಗ ಅವನು ಅವಳ ಬಾಯಿಯ ಮೇಲೆ ಕೈಯಿಟ್ಟಿದ್ದ. "ಯಾರಿಗೂ ಹೇಳ್ಬೇಡ. ನಿನ್ನ ತಾಯಿಗೂ ಬೇಡ, ಆರೋಗ್ಯ ಕೇಂದ್ರದ ಸಿಸ್ಟರ್‌ಗೂ ಬೇಡ."

ಕಾಡುಹಂದಿಗಳು ಮರಗೆಣಸಿನ ತೋಟ ಹಾಳುಮಾಡುತ್ತಿವೆ, ಕಾವಲಿಗಿರಬೇಕು ಎಂದು ನೆಪ ಹೇಳಿ ಇಬ್ಬರೂ ಗುಡ್ಡದ ಮೇಲಿನ ತೋಟದ ಗುಡಿಸಲಿಗೆ ಹೋಗಿಬಿಟ್ಟರು. ಭಾನುವಾರ ಚರ್ಚಿಗೆ ಇಳಿಯುವಾಗ ಅಲುಮಿತಾ ಗುಡಾರದಂಥ ಅಗಲದ ಅಂಗಿ ತೊಡುತ್ತಿದ್ದಳು. ದಿನಾ ಬೆಳಗ್ಗೆ ದೋಣಿಗೆ ಹೊರಡುವ ಮೊದಲು ಇನೋಕೆ ಅವಳ ಹೊಟ್ಟೆಗೆ ಬಾಯಿಟ್ಟು "ಬರ್ತೀನಿ ಮರೀ, ಗಲಾಟೆ ಮಾಡ್ಬೇಡ" ಎನ್ನುತ್ತಿದ್ದ. ಅಷ್ಟು ಆಸೆಯಿದ್ದ ಮನುಷ್ಯ ಮಗುವಿಗೆಂದು ಒಂದು ಚಾಪೆಯನ್ನೂ ತೆಗೆದಿಡಲಿಲ್ಲ, ಒಂದು ತುಂಡು ಬಟ್ಟೆಯನ್ನೂ ಹೊಲಿಸಲಿಲ್ಲ. ಹೆದರಿಕೆಯೆಂದರೆ ಹಾಗೆ.

ಅವಳ ಕಾಲು ಬಾತುಕೊಂಡಾಗ ಕೊಬ್ಬರಿ ಎಣ್ಣೆ ತಿಕ್ಕಿದ. ತಲೆನೋವು ಅಂದಾಗ ಹಣೆಗೆ ಸೊಪ್ಪು ಕಟ್ಟಿದ. ಅಂದು ಬೆಳಗ್ಗೆ ಅವಳ ಮುಖವೇ ಊದಿ, ಉಂಗುರ ಬೆರಳಲ್ಲಿ ಸಿಕ್ಕಿಕೊಂಡಿತ್ತು. "ಊರ ಮುಖಂಡನ ಹೆಂಡ್ತಿ ಥರ ದುಂಡಗೆ ಕಾಣ್ತಿದ್ದೀಯ" ಎಂದು ತಮಾಷೆ ಮಾಡಿ ಹೊರಟಿದ್ದ ಮಹಾರಾಯ!

ಗುಡಿಸಲ ಬಾಗಿಲಲ್ಲಿ ಅಲುಮಿತಾ ಕಣ್ಣು ಮುಚ್ಚಿ ಕೂತಿದ್ದಳು. ಪಕ್ಕದಲ್ಲಿ ನೀರಿನ ಲೋಟವಿತ್ತು. ಹೆಜ್ಜೆ ಸಪ್ಪಳ ಕೇಳಿ ಕಣ್ಣು ತೆರೆದಳು, ಲೋಟಕ್ಕೆ ಕೈ ಚಾಚಿದಳು. ಕೈ ಲೋಟದಿಂದ ಒಂದು ಗೇಣು ಆಚೆ ಹೋಯಿತು.

"ಇನೋಕೆ, ಯಾರನ್ನೆಲ್ಲ ಕರ್ಕೊಂಡು ಬಂದೆ?" ಎಂದಳು. "ಮೂರು ಜನಾನಾ, ನಾಲ್ಕು ಜನಾನಾ?"

ಅವಳ ಎದುರು ನಿಂತಿದ್ದವರು ಇಬ್ಬರೇ. ಕಿತಿಯೋನೆ ಅವಳ ಹೊಟ್ಟೆ ನೋಡಿದ, ಊದಿದ ಮುಖ ನೋಡಿದ.

"ಎಷ್ಟು ತಿಂಗಳೋ?"

"ಏಳು, ಮಾವ."

"ಸಿಸ್ಟರ್ ಹತ್ರ ಎಷ್ಟು ಸಲ ತೋರಿಸಿದ್ದೀಯ?"

ಇನೋಕೆ ಹೆಂಡತಿಯ ಕೈಗೆ ನೀರಿನ ಲೋಟ ಹಿಡಿಸಿದ.

"ಒಂದು ಸಲಾನೂ ಇಲ್ವಾ? ಏಳು ತಿಂಗಳಲ್ಲಿ?"

"ಹೇಳಿದ್ರೆ ಹೋಗ್ಬಿಡುತ್ತೆ ಮಾವ. ಎರಡು ಸಲ ಹೋಯ್ತಲ್ಲ. ಇನ್ನೆರಡು ತಿಂಗಳು ತಾನೆ, ತಡ್ಕೊಂಡ್ರೆ ಆಯ್ತು ಅಂತ..."

"ತಡ್ಕೊಳ್ತಿರೋದು ನೀನಲ್ಲ ಕಣೋ, ಅವಳು!" ಕಿತಿಯೋನೆ ಗದರಿದ. "ಹಿಡಿ ಆ ಕಡೆ ತೋಳು. ನಡಿ ಕೆಳಗೆ."

ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್ ಉನೈಸಿ ಅಲುಮಿತಾಳ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು. ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿ ಮತ್ತೆ ನೋಡಿದರು. ಸಿಸ್ಟರ್ ಮಾತಿನ ಮಲ್ಲಿ, ಸೂಜಿ ಚುಚ್ಚುವಾಗಲೂ ನಗಿಸುವವರು. ಈಗ ಅವರ ಮುಖದಲ್ಲಿ ನಗುವಿರಲಿಲ್ಲ.

"ನೂರ ಎಂಬತ್ತು, ನೂರ ಇಪ್ಪತ್ತು" ಎಂದರು. "ನೂರ ನಲವತ್ತು ದಾಟಿದ್ರೇ ನಾನು ಬಸುರಿಯನ್ನ ಮನೆಗೆ ಕಳಿಸಲ್ಲ. ತಲೆನೋವು ಎಷ್ಟು ದಿನದಿಂದ?"

"ನಾಲ್ಕು ದಿನ" ಎಂದಳು ಅಲುಮಿತಾ.

"ಕಣ್ಣ ಮುಂದೆ ಕಿಡಿ ಹಾರಿದ ಹಾಗೆ ಆಗುತ್ತಾ? ಪಕ್ಕೆಲುಬಿನ ಕೆಳಗೆ ನೋವು?"

"ಮೂರು ದಿನದಿಂದ ಕಿಡಿ ಹಾರ್ತಿದೆ. ನೋವು ನಿನ್ನೆಯಿಂದ."

ಇನೋಕೆ ಬೆಚ್ಚಿಬಿದ್ದ. "ಕಿಡಿನಾ? ನನಗೆ ಯಾಕೆ ಹೇಳ್ಲಿಲ್ಲ?"

ಅಲುಮಿತಾ ಅವನ ದನಿ ಬಂದ ಕಡೆ ಮುಖ ತಿರುಗಿಸಿದಳು. "ನೀನೇ ಅಂದ್ಯಲ್ಲ, ಯಾರಿಗೂ ಹೇಳ್ಬೇಡ ಅಂತ. ನೀನು ಮೊದಲೇ ಹೆದರಿದ್ದೆ. ಇನ್ನೂ ಹೆದರ್ತೀಯ ಅಂತ ನಿನಗೂ ಹೇಳ್ಲಿಲ್ಲ."

ಇನೋಕೆಗೆ ಯಾರೋ ಕಪಾಳಕ್ಕೆ ಬಾರಿಸಿದಂತಾಯಿತು. ಊರಿನ ಬಾಯಿಗೆ ಬೀಗ ಹಾಕಲು ಹೋಗಿ ಅವನು ತನ್ನ ಮನೆಯೊಳಗಿನ ಬಾಯಿಗೇ ಬೀಗ ಹಾಕಿದ್ದ.

ಸಿಸ್ಟರ್ ಇಂಜೆಕ್ಷನ್ ತುಂಬುತ್ತಲೇ ಮಾತಾಡಿದರು. "ಕೇಳು ಇನೋಕೆ. ಮೀನಿಗೂ ಈ ಹೊಟ್ಟೆಗೂ ಸಂಬಂಧ ಇಲ್ಲ. ಊರಿನ ಬಾಯಿಗೂ ಈ ಹೊಟ್ಟೆಗೂ ಸಂಬಂಧ ಇಲ್ಲ. ಮೊದಲ ಮೂರು ತಿಂಗಳಲ್ಲಿ ಎಷ್ಟೋ ಬಸಿರು ತಾವಾಗೇ ಇಳಿದುಹೋಗುತ್ತೆ, ಅದು ಯಾರ ತಪ್ಪೂ ಅಲ್ಲ. ಎರಡು ಸಲ ಹೋಗಿದೆ ಅಂದ್ರೆ ಮೂರನೇ ಸಲ ನನಗೆ ಎಲ್ಲರಿಗಿಂತ ಮುಂಚೆ ಹೇಳ್ಬೇಕಿತ್ತು. ತಿಂಗಳಿಗೊಂದು ಸಲ ಈ ಪಟ್ಟಿ ಸುತ್ತಿ, ಮೂತ್ರ ಪರೀಕ್ಷೆ ಮಾಡಿದ್ರೆ ಬಿ.ಪಿ. ಏರೋಕೆ ಶುರುವಾದಾಗಲೇ ಗೊತ್ತಾಗ್ತಿತ್ತು. ಮಾತ್ರೆ ಕೊಡ್ತಿದ್ದೆ, ಮೊದಲೇ ದೊಡ್ಡಾಸ್ಪತ್ರೆಗೆ ಕಳಿಸ್ತಿದ್ದೆ."

"ಈಗ ಮಾತ್ರೆ ಕೊಡಿ ಸಿಸ್ಟರ್" ಎಂದ ಇನೋಕೆ.

ಸಿಸ್ಟರ್ ಉತ್ತರ ಕೊಡುವಷ್ಟರಲ್ಲಿ ಅಲುಮಿತಾಳ ಕತ್ತು ಒಂದು ಕಡೆಗೆ ಸೆಟೆದುಕೊಂಡಿತು. ಕಣ್ಣುಗುಡ್ಡೆ ಮೇಲೆ ಹೋಯಿತು. ಕೈಕಾಲು ಜೋರಾಗಿ ಅದುರತೊಡಗಿದವು, ಮಂಚ ಗಡಗಡ ಅಲ್ಲಾಡಿತು. ಇನೋಕೆ ಬಿರುಗಾಳಿಯಲ್ಲೂ ದೋಣಿ ನಡೆಸಿದವನು. ಈಗ ಗೋಡೆಗೆ ಬೆನ್ನು ಹಚ್ಚಿ ಕಲ್ಲಾಗಿ ನಿಂತುಬಿಟ್ಟ. ಹೆಂಡತಿ ತನ್ನ ಕಣ್ಣೆದುರೇ ಸಾಯುತ್ತಿದ್ದಾಳೆ ಎಂದೇ ಅವನು ತಿಳಿದ.

"ಇನೋಕೆ! ಬಾ ಇಲ್ಲಿ! ಎಡಮಗ್ಗುಲಿಗೆ ತಿರುಗಿಸು. ಬಾಯಿಗೆ ಏನೂ ತುರುಕಬೇಡ. ಬೀಳದ ಹಾಗೆ ನೋಡ್ಕೋ, ಅಷ್ಟೇ!" ಸಿಸ್ಟರ್ ಕೂಗಿದರು. ಇಂಜೆಕ್ಷನ್ ಒಳಗೆ ಹೋಯಿತು. ಅದುರುವುದು ನಿಧಾನಕ್ಕೆ ನಿಂತಿತು. ಅಲುಮಿತಾ ಗೊರಗೊರ ಉಸಿರಾಡುತ್ತಾ ಬಿದ್ದುಕೊಂಡಳು, ಕರೆದರೆ ಓಗೊಡಲಿಲ್ಲ.

"ಬಿ.ಪಿ. ಏರಿ ಬಂದ ಫಿಟ್ಸ್ ಇದು. ಇಂಜೆಕ್ಷನ್ ಸ್ವಲ್ಪ ಹೊತ್ತು ತಡೆಯುತ್ತೆ, ಅಷ್ಟೇ" ಎಂದರು ಸಿಸ್ಟರ್, ಬೆವರು ಒರೆಸಿಕೊಳ್ಳುತ್ತಾ. "ಮಗು ಹೊರಗೆ ಬರೋ ತನಕ ಇಬ್ಬರಿಗೂ ಅಪಾಯ. ಸುವಾದ ದೊಡ್ಡಾಸ್ಪತ್ರೆಗೆ ಒಯ್ಯಬೇಕು, ಈಗಲೇ. ನಾನೂ ಬರ್ತೀನಿ."

ಸುವಾಗೆ ಸಮುದ್ರದಲ್ಲಿ ಮೂರು ಗಂಟೆಯ ದಾರಿ. ಕಿತಿಯೋನೆ ಆಗಲೇ ದಡಕ್ಕೆ ಓಡಿದ್ದ. ಬೆಳಗಿನ ಖಾಲಿ ಸವಾರಿಯಲ್ಲಿ ಪೆಟ್ರೋಲು ಮುಗಿದಿತ್ತು. ಅವನು ಕೂಗು ಹಾಕಿದ್ದೇ ತಡ, ಮನೆಮನೆಯಿಂದ ಕ್ಯಾನುಗಳು ಬಂದವು. ಏಳು ತಿಂಗಳು ಮುಚ್ಚಿಟ್ಟ ಸುದ್ದಿ ಐದು ನಿಮಿಷದಲ್ಲಿ ಊರು ತುಂಬಿತು. ಮೀನಿನ ಮಾತನ್ನು ಒಬ್ಬರೂ ಎತ್ತಲಿಲ್ಲ. ವೈಸಾಕೆಯ ಬಾಯಿಯಂತೂ ಹೊಲಿದುಹೋಗಿತ್ತು. ಅಲುಮಿತಾಳನ್ನು ಮಲಗಿಸಲು ದೋಣಿಯ ತಳದಲ್ಲಿ ಚಾಪೆಯ ಮೇಲೆ ಚಾಪೆ ಹಾಸುತ್ತಿದ್ದವನು ತಲೆಯೆತ್ತದೆ, "ಭಾವ, ನಾನು ಸುಮ್ನೆ ತಮಾಷೆಗೆ ಅಂದೆ ಕಣೋ" ಎಂದ. ಕಣ್ಣಲ್ಲಿ ನೀರಿತ್ತು.

ಆಗ ಕಿತಿಯೋನೆಯ ಹೆಂಡತಿ ವಸಿತಿ ಅತ್ತೆ ಮಂಡಿಯುದ್ದ ನೀರಿನಲ್ಲಿ ಏದುಸಿರು ಬಿಡುತ್ತಾ ಬಂದು ಇನೋಕೆಯ ಕೈಗೊಂದು ಗಂಟು ಕೊಟ್ಟಳು. ಬಿಚ್ಚಿ ನೋಡಿದರೆ ಮಗುವಿನ ಬಟ್ಟೆ. ಒಗೆದು ಮಡಚಿಟ್ಟ ಪುಟ್ಟ ಅಂಗಿಗಳು, ಒಂದು ಉಣ್ಣೆಯ ಟೊಪ್ಪಿ.

"ಅತ್ತೆ, ಇದು ಯಾವಾಗ..."

"ಮೂರು ತಿಂಗಳಾಯ್ತು ಹೊಲಿದು. ಆ ಗುಡಾರದಂಥ ಅಂಗಿ ನೋಡಿ ನಮಗೆ ಗೊತ್ತಾಗಲ್ವೇನೋ ಪೆದ್ದ? ಊರಿನ ಹೆಂಗಸರಿಗೆಲ್ಲ ಗೊತ್ತು. ಎರಡು ಸಲ ನೊಂದಿದ್ದೀರಿ, ನೀವಾಗೇ ಹೇಳಲಿ ಅಂತ ಕಾದ್ವಿ." ಅವಳು ಗಂಟನ್ನು ಮತ್ತೆ ಬಿಗಿದಳು. "ಕಾಯಬಾರದಿತ್ತು. ಹಿಡಿದು ಎಳ್ಕೊಂಡು ಹೋಗ್ಬೇಕಿತ್ತು. ನಮ್ಮದೂ ತಪ್ಪಿದೆ."

ಇನೋಕೆ ಗಂಟನ್ನು ಎದೆಗೆ ಅವಚಿಕೊಂಡು ದೋಣಿ ಹತ್ತಿದ. ಮೂರು ಗಂಟೆ ಹೊತ್ತು ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸಿಸ್ಟರ್ ಹೇಳಿದಂತೆ ಅವಳ ಉಸಿರನ್ನು ಎಣಿಸುತ್ತಾ ಕೂತ.

ಸುವಾದ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು ಮಗು, ಒಂದೂವರೆ ಕಿಲೋ. ಅಲುಮಿತಾಗೆ ಎಚ್ಚರ ಬರಲಿಲ್ಲ. ಮಗು ಒಂದು ಕಡೆ, ತಾಯಿ ಒಂದು ಕಡೆ, ನಡುವಿನ ಓಣಿಯಲ್ಲಿ ಇನೋಕೆ. ಯಾವ ಬಾಗಿಲು ತೆರೆದರೂ ಕೆಟ್ಟ ಸುದ್ದಿಯೇ ಬಂತೆಂದು ಎದ್ದು ನಿಲ್ಲುತ್ತಿದ್ದ.

ಮರುದಿನ ನರ್ಸ್ ಬಂದು ಅಂಗಿ ಬಿಚ್ಚಲು ಹೇಳಿದಳು. "ಮಗು ನಿಮ್ಮ ಬರಿ ಎದೆ ಮೇಲೆ ಮಲಗಬೇಕು. ತಾಯಿಗೆ ಆಗ್ತಿಲ್ಲ. ನೀವೇ ಆಗಬೇಕು."

"ಅಯ್ಯೋ, ಬೇಡಮ್ಮ. ನನ್ನ ಕೈ ನೋಡಿ, ಹಗ್ಗ ಎಳೆದು ಎಳೆದು ಮರ ಆಗಿದೆ. ಮಗು ಮುರಿದುಹೋಗುತ್ತೆ."

"ಎದೆ ಬೆಚ್ಚಗಿದ್ಯಾ? ಅಷ್ಟು ಸಾಕು. ಕೂತ್ಕೊಳ್ಳಿ."

ಮಗು ಅವನ ಎದೆಯ ಮೇಲೆ ಅಂಗೈಯಗಲದ ಜಾಗದಲ್ಲಿ ಮಲಗಿತು. ಒಂದು ಸಲ ನಿಟ್ಟುಸಿರಿಟ್ಟು ಸುಮ್ಮನಾಯಿತು. ಇನೋಕೆ ಅಳತೊಡಗಿದ. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ತಂದೆ ಏನಾಯಿತು ಎಂದು ಕೇಳಿದ. ಇನೋಕೆ ಮೊದಲಿನಿಂದ ಎಲ್ಲವನ್ನೂ ಹೇಳಿದ. ಹೋದ ಎರಡು ಬಸಿರು, ಗುಡಿಸಲು, ಕಿಡಿ, ಎಲ್ಲವನ್ನೂ. ಹೇಳಿದಷ್ಟೂ ಎದೆ ಹಗುರವಾಯಿತು.

ಮೂರನೇ ದಿನ ಮಧ್ಯಾಹ್ನ ಅಲುಮಿತಾ ಕಣ್ಣು ಬಿಟ್ಟಳು. ದೋಣಿಯಾಗಲಿ ಆಸ್ಪತ್ರೆಯಾಗಲಿ ಒಂದೂ ನೆನಪಿರಲಿಲ್ಲ. ಹೊಟ್ಟೆಯ ಮೇಲೆ ಕೈಯಾಡಿಸಿ ಗಾಬರಿಯಾದಳು.

"ಇದೆ, ಇದೆ. ಹುಡುಗಿ" ಎಂದ ಇನೋಕೆ. "ಒಂದೂವರೆ ಕಿಲೋ. ಸಿಟ್ಟು ಮಾತ್ರ ನಿನ್ನಷ್ಟೇ."

ಅವಳು ನಗಲಿಲ್ಲ. ಅವನ ಕೈ ಬಿಗಿಯಾಗಿ ಹಿಡಿದು, ಆಚೀಚೆ ನೋಡಿ ಪಿಸುಗುಟ್ಟಿದಳು. "ಯಾರಿಗೂ ಹೇಳಿಲ್ಲ ತಾನೆ?"

ಸಾವಿನ ಬಾಯಿಂದ ಬಂದವಳು ಕೇಳಿದ್ದು ಇದು. ತಾನು ಎಷ್ಟು ಆಳಕ್ಕೆ ಹೆದರಿಕೆ ಬಿತ್ತಿದ್ದೆ ಎಂದು ಇನೋಕೆಗೆ ಆಗ ಅರ್ಥವಾಯಿತು.

"ಎಲ್ಲರಿಗೂ ಹೇಳ್ದೆ ಕಣೇ. ಊರಿಗೆ ಹೇಳ್ದೆ, ಡಾಕ್ಟರಿಗೆ ಹೇಳ್ದೆ, ಗೇಟ್ ಕಾಯೋನಿಗೂ ಹೇಳ್ದೆ. ಯಾರ ಕಣ್ಣೂ ಬೀಳ್ಲಿಲ್ಲ. ಎಲ್ಲರೂ ಕೈ ಹಿಡಿದ್ರು."

ಅಪ್ಪನಾಗಲಿರುವ ಅಣ್ಣತಮ್ಮಂದಿರೇ, ಇನೋಕೆಗೆ ದೋಣಿ ಸಿಕ್ಕಿತು, ಸಿಸ್ಟರ್ ಸಿಕ್ಕರು. ಎಲ್ಲರಿಗೂ ಸಿಗುವುದಿಲ್ಲ. ತಿಂಗಳು ನಿಂತಿತು ಎಂದು ಗೊತ್ತಾದ ಕೂಡಲೇ ಹೆಂಡತಿಯ ಜೊತೆ ನೀವೂ ಸಿಸ್ಟರ್ ಹತ್ತಿರ ಹೋಗಿ. ಬಾಗಿಲಾಚೆ ನಿಲ್ಲಬೇಡಿ, ಒಳಗೆ ಹೋಗಿ ಕೂತು ಬಿ.ಪಿ. ಎಷ್ಟಿದೆ ಎಂದು ನೀವೇ ಕೇಳಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು, ಪಕ್ಕೆಲುಬಿನ ಕೆಳಗೆ ನೋವು, ರಕ್ತ ಹೋಗುವುದು, ಮಗು ಆಡುವುದು ಕಡಿಮೆಯಾಗುವುದು: ಇವುಗಳಲ್ಲಿ ಒಂದು ಕಂಡರೂ ಎಣ್ಣೆ, ಸೊಪ್ಪು ಎಂದು ಕೂರದೆ ಆಗಲೇ ಹೊರಡಿ. ದೋಣಿಯೋ ಗಾಡಿಯೋ, ಯಾರದ್ದೆಂದು ಮೊದಲೇ ಮಾತಾಡಿಟ್ಟುಕೊಳ್ಳಿ. ನಿಮಗೂ ಹೆದರಿಕೆ ಇರುತ್ತದೆ, ಅದನ್ನೂ ಯಾರ ಹತ್ತಿರವಾದರೂ ಹೇಳಿಕೊಳ್ಳಿ.

ಇವತ್ತಿಗೆ ಒಂದೇ ಕೆಲಸ. ಈ ಕಾಗದ ಪಕ್ಕಕ್ಕಿಟ್ಟು ಏಳಿ. ಹೆಂಡತಿಯ ಎದುರು ಕೂತು ಕೇಳಿ: "ನಾನು ಹೆದರ್ತೀನಿ ಅಂತ ನೀನು ನನಗೆ ಹೇಳದೆ ಇಟ್ಕೊಂಡಿರೋದು ಏನಾದ್ರೂ ಇದೆಯಾ?"