ಹಿಡಿಕೆಯ ಕೆಳಗಿನ ಕುಂಕುಮ

ಮಾನ್ಯ ವಾಚಕ ಮಹಾಶಯರೇ, ಮಾತೆಯರೇ! ಹೊಳಪು ಕಂಡೊಡನೆ ವಸ್ತುವಿನ ಸಾಚಾತನವನ್ನು ನಂಬಿಬಿಡುವ ತಾವೆಲ್ಲರೂ ಈ ವೃತ್ತಾಂತಕ್ಕೆ ಕ್ಷಣಕಾಲ ಕಿವಿಗೊಡಬೇಕೆಂದು ಸವಿನಯ ಪ್ರಾರ್ಥನೆ.

2009ನೆಯ ಇಸವಿಯ ಬೇಸಿಗೆ. ಪುಣೆಯ ಧನಕವಡಿಯಲ್ಲಿ ನಾನಿದ್ದ ಕೋಣೆಯನ್ನು ಬಿಟ್ಟು ಹೊರಡುವವನಿದ್ದೆ. ನನ್ನನ್ನು ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಒಯ್ಯಬೇಕಾಗಿದ್ದ ಟೆಂಪೊ ಮಾತ್ರ ಅಂಗಳದಲ್ಲಿ ಬಾಯಿ ತೆರೆದುಕೊಂಡು ನಿಂತಿತ್ತು.

ಟೆಂಪೊ ಪಕ್ಕದ ಮನೆಯ ಅವ್ವಣ್ಣನದು. ಯಾದಗಿರಿ ಕಡೆಯಿಂದ ಬಂದವನು. ಮಾರ್ಕೆಟ್ ಯಾರ್ಡಿನಲ್ಲಿ ವರ್ಷಗಟ್ಟಲೆ ಚೀಲ ಹೊತ್ತು ಕೊನೆಗೆ ಈ ಮೂರು ಗಾಲಿಯ ಗಾಡಿ ಕೊಂಡಿದ್ದ. ಇತ್ತೀಚೆಗೆ ಅದು ಅಡಿಗೆಮನೆಗಿಂತ ಹೆಚ್ಚು ಹೊಗೆ ಬಿಡುತ್ತಿತ್ತು. ಮೆಕ್ಯಾನಿಕ್ ಬಾಳು ಇಂಜಿನ್ನಿನ ಎಣ್ಣೆ ಇಳಿಸಿ, ಒಳಗೆಲ್ಲ ತೊಳೆದು, ಕೈ ಮುಗಿದು ಹೇಳಿದ್ದ:

“ಅಣ್ಣಾ, ಇದು ಎಣ್ಣಿ ಅಲ್ಲ, ಡಾಂಬರ. ಇನ್ನೊಮ್ಮೆ ಹಿಂಥಾದ್ದು ಹಾಕಿದ್ರ ಇಂಜಿನ್ ಜಾಮ್ ಆಗ್ತದ. ಆಮ್ಯಾಲ ನೀ ಮತ್ತ ಚೀಲ ಹೊರಾಕ ಹೋಗೋದ.”

ಆದರೂ ಅವ್ವಣ್ಣ, ಆ ಎಣ್ಣೆ ಕೊಂಡಿದ್ದ ರಸ್ತೆಬದಿಯ ಅಂಗಡಿಯಿಂದಲೇ ಮತ್ತೊಂದು ಡಬ್ಬಿ ಎಣ್ಣೆ ತಂದ.

“ಇದರ ಜೋಡಿ ಬಕೆಟ್ ಪುಕ್ಕಟ ಕೊಟ್ಟಾನ್ರಿ! ಮ್ಯಾಲ ಈ ಚೀಟಿ ನೋಡ್ರಿ, ಹ್ಯಾಂಗ್ ಹೊಳೀತದ! ಹಿಂಗ್ ಹಿಡಿದ್ರ ಚಕ್ರ, ಹಂಗ್ ಹಿಡಿದ್ರ ಹಕ್ಕಿ!”

ಎದುರುಮನೆಯ ಸುಲಭಾ ಇದನ್ನು ಕೇಳಿ ಹೊರಗೆ ಬಂದಳು. ಧಾರವಾಡದವಳು, ಇಂಥ ಹೊಲೊಗ್ರಾಂ ಚೀಟಿಗಳನ್ನು ಮುದ್ರಿಸುವ ಕಾರ್ಖಾನೆಯ ಕಚೇರಿಯಲ್ಲಿ ಉದ್ಯೋಗಿ.

“ತಡೀರಿ ಅವ್ವಣ್ಣಾ. ಆ ಚೀಟಿ ಮ್ಯಾಲಿನ ಬೆಳ್ಳಿ ಪಟ್ಟಿ ಕೆರೀರಿ. ಒಳಗ ನಂಬರ್ ಇರ್ತದ. ಎಸ್ಸೆಮ್ಮೆಸ್ ಕಳಿಸಿದ್ರ ಅಸಲಿ ಹೌದೋ ಅಲ್ಲೋ ಕಂಪನಿ ಹೇಳ್ತದ.”

“ಕೆರೀಬೇಕಾ? ಇಷ್ಟ್ ಚಂದ ಅದ! ದಸರಾದಾಗ ಡೀಲರ್ ಕಡಿಂದ ತಂದ ಡಬ್ಬೀನೂ ನಾ ಕೆರೀಲಿಲ್ರಿ.”

“ಮದಿವ್ಯಾಗ ನಮ್ಮಪ್ಪ ಕೊಟ್ಟ ವಾಚಿನ ಪ್ಲಾಸ್ಟಿಕ್ಕೂ ಇನ್ನಾ ಸುಲಿದಿಲ್ರಿ ಇವ್ರು,” ಎಂದಳು ಹೆಂಡತಿ ಸಾಬವ್ವ. “ಟೈಮೇ ಕಾಣಂಗಿಲ್ಲ.”

ಅವ್ವಣ್ಣ ಮುಖ ಕಿವುಚಿಕೊಂಡು ಕೆರೆದ. ಸುಲಭಾ ಸಂಖ್ಯೆಯನ್ನು ಕಳಿಸಿದಳು. ಮೊಬೈಲು ಕುಂಯ್ ಎಂದಿತು. ಓದಿದವಳ ಮುಖ ಸಣ್ಣದಾಯಿತು.

“ಅಸಲಿ ಅಂತ ಬಂದದ.”

ಅವ್ವಣ್ಣ ಟೆಂಪೊದ ಮೇಲೇರಿ ನಿಂತ. “ಕೇಳ್ರೆಪ್ಪೋ! ಕಂಪನಿನೇ ಹೇಳ್ಯದ! ಬಾಳೂನ್ನ ಕರೀರಿ, ಅಂವ್ಗೂ ಓದಿ ಹೇಳ್ರಿ!”

ಭಾಷಣ ಮುಗಿಸಿ ಇಳಿದು, ಮುಚ್ಚಳ ತೆಗೆದು, ಸಾಬವ್ವ ಹಿಡಿದ ಲಾಳಿಕೆಗೆ ಡಬ್ಬಿಯನ್ನು ಬಗ್ಗಿಸತೊಡಗಿದ. ಡಬ್ಬಿಯ ಹಿಡಿಕೆ ಅವಳ ಕಣ್ಣಿನ ಮುಂದೆಯೇ ಬಂತು.

“ರೀ! ನಿಲ್ರಿ! ಇದು ನಮ್ಮ ಡಬ್ಬಿ!”

“ನಂದಲ್ಲದ ನಿಮ್ಮಪ್ಪಂದೇನು? ನಾನೇ ತಂದೀನಿ.”

“ಅದಲ್ರಿ! ದಸರಾದ್ದು!”

ಹಿಡಿಕೆಯ ಕೆಳಗೆ, ಒರಸುವ ಬಟ್ಟೆ ತಲುಪದ ಸಂದಿಯಲ್ಲಿ, ಅರಿಶಿನ ಕುಂಕುಮ ಒಣಗಿ ಅಂಟಿಕೊಂಡಿತ್ತು. ದಸರೆಯ ಪೂಜೆಯಂದು ಗಾಡಿಯ ಜೊತೆಗೆ ಡಬ್ಬಿಗೂ ಸಾಬವ್ವ ಕುಂಕುಮ ಹಚ್ಚಲು ಹೋದಾಗ, ಚೀಟಿಯ ಹೊಳಪು ಕೆಡುತ್ತದೆಂದು ಅವ್ವಣ್ಣ ಗದರಿಸಿದ್ದ. ಶಾಸ್ತ್ರ ಬಿಡಲಾರದೆ ಅವಳು ಹಿಡಿಕೆಯ ಕೆಳಗೆ ಹಚ್ಚಿದ್ದಳು. ಖಾಲಿಯಾದ ಮೇಲೆ ಅದೇ ಡಬ್ಬಿಯನ್ನು ಗುಜರಿ ಗಾಡಿಯವನಿಗೆ ಕೊಟ್ಟು ಬದಲಿಗೆ ಬೆಳ್ಳುಳ್ಳಿ ತೆಗೆದುಕೊಂಡಿದ್ದಳು.

“ಆ ಬಳ್ಳೊಳ್ಳಿನೂ ಜೊಳ್ಳ ಇತ್ತು,” ಎಂದಳು ಸಾಬವ್ವ.

“ಹಂಗಾರ ಕಂಪನಿ ಸುಳ್ಳ್ ಹೇಳ್ತೇನ್ರಿ?” ಅವ್ವಣ್ಣನ ದನಿ ಇಳಿದಿತ್ತು.

“ಚೀಟಿ ಖರೇನ ಅದ. ಎಣ್ಣಿ ಖೊಟ್ಟಿ,” ಎಂದಳು ಸುಲಭಾ. “ದಸರಾದಾಗ ನೀವು ಕೆರೆದು ಕೇಳಿದ್ರ ಆ ನಂಬರಿನ ಕೆಲಸ ಅಲ್ಲಿಗೇ ಮುಗೀತಿತ್ತು. ಖಾಲಿ ಡಬ್ಬಿ ಒಡೆದಿದ್ರ ಯಾರೂ ಮತ್ತ ತುಂಬ್ತಿದ್ದಿಲ್ಲ. ಚಂದ ಇರ್ಲಿ ಅಂತ ನೀವು ಜೋಪಾನ ಮಾಡಿದ್ದು ಕಳ್ಳರ ಸಲುವಾಗಿ. ಈಗ ಇನ್ನೊಮ್ಮೆ ಕಳಸ್ತೀನಿ, ನೋಡ್ರಿ.”

ಈ ಸಲ ಉತ್ತರ ಬೇರೆಯಾಗಿತ್ತು: ಈ ಸಂಖ್ಯೆಯನ್ನು ಆಗಲೇ ವಿಚಾರಿಸಲಾಗಿದೆ, ಎಚ್ಚರಿಕೆ.

“ಈಗ ಎಚ್ಚರಾತು ನೋಡು ಇದಕ್ಕ!” ಎಂದ ಅವ್ವಣ್ಣ.

“ಇದಕ್ಕಲ್ರಿ, ನಿಮಗ ಆಗ್ಬೇಕಾಗಿತ್ತು,” ಎಂದಳು ಸಾಬವ್ವ.

ಸುಲಭಾ ಡಬ್ಬಿಯ ಮೇಲಿದ್ದ ದೂರಿನ ಸಂಖ್ಯೆಗೆ ಫೋನು ಮಾಡಿ ಅಂಗಡಿಯ ವಿಳಾಸ ತಿಳಿಸಿದಳು. ಅವ್ವಣ್ಣ ಡೀಲರನ ಬಳಿ ಹೋಗಿ, ರಸೀದಿ ಸಹಿತ ಹೊಸ ಡಬ್ಬಿ ಕೊಂಡು, ಅಲ್ಲಿಯೇ ನಿಂತು ಪಟ್ಟಿ ಕೆರೆದು, ಉತ್ತರ ಬರುವವರೆಗೂ ಕದಲಲಿಲ್ಲವಂತೆ. ಎಣ್ಣೆ ಇಂಜಿನ್ನಿಗೆ ಬಿದ್ದಿತು. ಖಾಲಿ ಡಬ್ಬಿಗೆ ಸಾಬವ್ವ ಈ ಬಾರಿ ಚೀಟಿಯ ಮೇಲೆಯೇ ಕುಂಕುಮ ಬಳಿದಳು. ಅವ್ವಣ್ಣ ಅದರ ಮೇಲೆ ಟೆಂಪೊ ಹತ್ತಿಸಿದ. ಫಟ್!

ಆದುದರಿಂದ ವಾಚಕರೇ, ಹೊಳಪನ್ನು ಪೂಜಿಸಬೇಡಿ, ಪರೀಕ್ಷಿಸಿರಿ. ಗುಪ್ತಸಂಖ್ಯೆಯಿದ್ದರೆ ಕೊಂಡ ದಿನವೇ ಕೆರೆದು ವಿಚಾರಿಸಿರಿ. ಮುಚ್ಚಳದ ಮೊಹರು ನೋಡಿರಿ, ರಸೀದಿ ಕೇಳಿರಿ. ಖಾಲಿ ಡಬ್ಬಿಯನ್ನು ಜಜ್ಜದೆ ಯಾರಿಗೂ ಕೊಡಬೇಡಿರಿ, ಬಳ್ಳೊಳ್ಳಿ ಎಷ್ಟೇ ದಪ್ಪಗಿರಲಿ.

ನಾನು ಹಾಸಿಗೆ ಸುತ್ತಿ, ಟ್ರಂಕಿಗೆ ಹಗ್ಗ ಬಿಗಿದು, ಟೆಂಪೊದೊಳಗೆ ಏರಿಸಿದೆ. ಇಂಜಿನ್ನು ಒಂದೇ ಎಳೆತಕ್ಕೆ ಶುರುವಾಯಿತು, ಹಿಂದೆ ಹೊಗೆಯಿರಲಿಲ್ಲ. ಬಸ್ಸು ಸಿಕ್ಕೀತೇ ಎಂದು ಕೇಳಿದೆ. ಅವ್ವಣ್ಣ ಠೀವಿಯಿಂದ ಮುಂಗೈ ಎತ್ತಿದ. ಗಡಿಯಾರದ ಪ್ಲಾಸ್ಟಿಕ್ಕನ್ನು ಸುಲಿದಿದ್ದ. ಬಹಳ ಹೊತ್ತು ಅದನ್ನೇ ನೋಡಿದ.

“ಸಾಬೀ,” ಎಂದು ಕೂಗಿದ, “ನಿಮ್ಮಪ್ಪನ ವಾಚ್ ಯಾವಾಗ ನಿಂತದೇ?”

ಅವಳು ಉತ್ತರಿಸುವುದರೊಳಗೆ ನಾವು ಹೊರಟಿದ್ದೆವು.