ಎಪ್ಪತ್ತೈದರ ವೈರು

ಭಾವನ ಕೈಯಿಂದ ಕೆಲಸ ಕಿತ್ತುಕೊಳ್ಳುವುದಿಲ್ಲ ಎಂದು ಅವನು ಅಕ್ಕನಿಗೆ ಮಾತು ಕೊಟ್ಟು ಹನ್ನೊಂದು ವರ್ಷವಾಗಿತ್ತು. ಭಾವನ ಟಿವಿ ಸಾಮಾನಿನ ಅಂಗಡಿ ತಮ್ಮನಾದ ಅವನ ಹೆಸರಿಗೆ ಆದ ದಿನ ಅದು. ಪಾತ್ರೆ ತೊಳೆಯುತ್ತಿದ್ದ ಅಕ್ಕ ಒದ್ದೆ ಕೈಯಲ್ಲೇ ಅವನ ಮಣಿಕಟ್ಟು ಹಿಡಿದಳು. ಹೆಸರು ಯಾರದ್ದಾದರೂ ಇರಲಿ, ಅವರನ್ನು ಮನೆಯಲ್ಲಿ ಕೂರಿಸುವವನು ಮಾತ್ರ ನೀನಾಗಬೇಡ, ಅವರಪ್ಪ ಕೆಲಸ ಬಿಟ್ಟು ಕುರ್ಚಿ ಹಿಡಿದವರು ವರ್ಷ ತುಂಬುವುದರೊಳಗೆ ಹೋಗಿಬಿಟ್ಟರು ಎಂದಳು. ನಾನ್ಯಾಕೆ ಹಾಗೆ ಮಾಡಲಿ ಎಂದು ಅವನು ನಕ್ಕ. ಅಕ್ಕ ನಗಲಿಲ್ಲ.

“ಹಾಗಲ್ಲ. ಬಾಯಿಬಿಟ್ಟು ಹೇಳು.”

“ಕಿತ್ಕೊಳ್ಳಲ್ಲ ಅಕ್ಕ.”

ಈಗ ಅವನು ಲಾರಿ ಡ್ರೈವರನ ಹೊಸ ಮನೆಯಲ್ಲಿ, ಗೋಡೆಗೂ ಟಿವಿಗೂ ನಡುವಿನ ಸಂದಿಯಲ್ಲಿ ಮಂಡಿಯೂರಿ ಕೂತು, ಗೋಡೆಯಿಂದ ಹೊರಬಂದ ಕಪ್ಪು ಕೇಬಲ್ಲಿನ ಮೈಮೇಲಿನ ಸಣ್ಣ ಅಕ್ಷರಗಳನ್ನು ಮೊಬೈಲಿನ ಬೆಳಕಿನಲ್ಲಿ ಓದಿದ. ಬೆರಳಿನಿಂದ ಧೂಳು ಒರೆಸಿ ಇನ್ನೊಮ್ಮೆ ಓದಿದ.

ಡ್ರೈವರ್ ಮೂವತ್ತು ವರ್ಷ ಎಂಜಿನ್ನಿನ ಪಕ್ಕ ಕೂತು ಬಲಗಿವಿ ಕಳೆದುಕೊಂಡವನು. ಎಡಗಿವಿಯೂ ಹೋಗುವ ಮೊದಲು ಒಂದಿಷ್ಟು ಒಳ್ಳೆಯದನ್ನು ಕೇಳಿಬಿಡಬೇಕೆಂದು, ಮನೆ ಕಟ್ಟಿಸುವಾಗಲೇ ಒಂದು ಕೋಣೆಯನ್ನು ಟಿವಿಗೂ ಸ್ಪೀಕರುಗಳಿಗೂ ಅಂತ ಬಿಟ್ಟಿದ್ದ. ತಾರಸಿಯ ಡಿಶ್ಶಿನಿಂದ ಈ ಕೋಣೆಯವರೆಗೆ ಮೂವತ್ತು ಮೀಟರ್ ವೈರು ಗೋಡೆಯೊಳಗೇ ಬಂದಿತ್ತು. ಗಾರೆ ಆಗಿ, ಬಣ್ಣ ಆಗಿ, ನಿನ್ನೆಯಷ್ಟೇ ಟಿವಿ ಹಚ್ಚಿದ್ದರು.

“ಸೀರಿಯಲ್ಲಿನ ಹುಡುಗಿ ಅಳೋಕೆ ಅಂತ ಬಾಯಿ ತೆಗೀತಾಳೆ, ಬಾಯಿ ಅಲ್ಲೇ ನಿಂತ್ಬಿಡುತ್ತೆ,” ಎಂದ ಡ್ರೈವರ್. “ಮುಖ ಎಲ್ಲಾ ಚೌಕ ಚೌಕ. ಅವಳ ಅಳು ಮುಗಿಯೋದು ಯಾವಾಗ, ನಾನು ಊಟಕ್ಕೆ ಏಳೋದು ಯಾವಾಗ.”

ತಾರಸಿಯ ಮೇಲಿನಿಂದ ಇಳಿದು ಬರುತ್ತಿದ್ದ ಭಾವ ಮೆಟ್ಟಿಲಿನಲ್ಲೇ ನಕ್ಕ ಸದ್ದು ಕೇಳಿಸಿತು.

ಭಾವನನ್ನು ಪೇಟೆಯವರು ಕರೆಯುತ್ತಿದ್ದುದೇ ಎಪ್ಪತ್ತೈದು ಎಂದು. ಹೊಸಬರು ಅದನ್ನು ವಯಸ್ಸು ಅಂದುಕೊಂಡು ಈ ವಯಸ್ಸಿನಲ್ಲೂ ಎಷ್ಟು ಗಟ್ಟಿಯಾಗಿದ್ದಾರೆ ಎಂದು ಹೊಗಳಿ ಹೋಗುತ್ತಿದ್ದರು. ಭಾವನಿಗೆ ಅರವತ್ತೊಂದು. ಟಿವಿಗಾಗಲಿ, ಡಿಶ್ಶಿಗಾಗಲಿ, ಹಾಡಿನ ಪೆಟ್ಟಿಗೆಗಾಗಲಿ ಎಪ್ಪತ್ತೈದು ಓಮಿನ ವೈರೇ ಬೇಕು, ಐವತ್ತರದು ವೈರ್‌ಲೆಸ್ ಸೆಟ್ಟಿನವರಿಗೆ ಎಂದು ಕೌಂಟರಿನ ಹಿಂದೆ ನಿಂತು ಮೂವತ್ತು ವರ್ಷ ಪಾಠ ಹೇಳಿದ್ದರ ಬಹುಮಾನ ಆ ಹೆಸರು. ಚಿನ್ನದ ನೀರು ಕುಡಿಸಿದ ಕನೆಕ್ಟರ್ ಇದೆಯಾ ಎಂದು ಯಾರಾದರೂ ಕೇಳಿದರೆ, ಚಿನ್ನ ಹೆಂಡತಿಗೆ ಕೊಡಿಸಿ, ಇದರೊಳಗೆ ತಾಮ್ರ ಸುಳ್ಳಾಗದಿದ್ದರೆ ಸಾಕು ಎನ್ನುತ್ತಿದ್ದ. ಎರಡು ಬಗೆಯ ವೈರೂ ಹೊರಗಿನಿಂದ ಅವಳಿ ಮಕ್ಕಳು. ಅದೇ ಕಪ್ಪು, ಹೆಚ್ಚುಕಡಿಮೆ ಅದೇ ದಪ್ಪ. ವ್ಯತ್ಯಾಸ ಇರುವುದು ಮೈಮೇಲೆ ಅಚ್ಚಾದ ಇರುವೆಸಾಲಿನಂಥ ಅಕ್ಷರಗಳಲ್ಲಿ. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಅಕ್ಕನ ಮನೆ ಸೇರಿದ ಅವನಿಗೆ ಭಾವ ಕಲಿಸಿದ ಮೊದಲ ಪಾಠವೇ ಅದು: ವೈರು ಕೈಗೆ ಬಂದ ಕೂಡಲೆ ಓದು, ನಾನು ಹೇಳಿದೆ ಅಂತಲೂ ನಂಬಬೇಡ.

ಭಾವನಿಗೆ ಓದಲು ಆಗದಂತಾಗಿ ಎರಡು ವರ್ಷವಾಗಿತ್ತು. ದೃಷ್ಟಿಯ ನಟ್ಟನಡುವೆ ಒಂದು ಮಸಿಯ ಬೊಟ್ಟು ಕೂತಿತ್ತು. ಬಾಗಿಲು ಕಾಣುತ್ತಿತ್ತು, ಬೀಗದ ತೂತು ಕಾಣುತ್ತಿರಲಿಲ್ಲ. ಬಂದವರ ಅಂಗಿ ಕಾಣುತ್ತಿತ್ತು, ಮುಖವಿಲ್ಲ. ಅದಕ್ಕೇ ಕೋಳಿಯಂತೆ ಮುಖ ಓರೆ ಮಾಡಿ ನೋಡುತ್ತಿದ್ದ. ಕೇಳಿದರೆ ಕನ್ನಡಕ ಮನೆಯಲ್ಲಿ ಬಿಟ್ಟು ಬಂದೆ ಎನ್ನುತ್ತಿದ್ದ. ಯಾರಿಗೂ ಹೇಳಿಕೊಂಡಿರಲಿಲ್ಲ. ಭಾಮೈದನಿಗೆ ಗೊತ್ತಾದದ್ದು ಕನೆಕ್ಟರುಗಳಿಂದ. ವೈರಿನ ಸಿಪ್ಪೆ ಸುಲಿದು, ತಾಮ್ರದ ಜಡೆಯನ್ನು ಹಿಂದಕ್ಕೆ ಮಡಚಿ, ನಡುವಿನ ತಂತಿಯನ್ನು ಒಂಟಿಯಾಗಿ ನಿಲ್ಲಿಸಬೇಕು. ಜಡೆಯ ಒಂದೇ ಒಂದು ಎಳೆ ಆ ತಂತಿಗೆ ತಾಗಿದರೂ ಮುಗಿಯಿತು. ಭಾವ ಹಾಕಿದ ಕನೆಕ್ಟರ್ ಪಿನ್ನುಗಳಲ್ಲಿ ಎಳೆ ತಾಗತೊಡಗಿತ್ತು. ಭಾವ ಮುಂದಿನ ಕೋಣೆಗೆ ಹೋದಾಗ ಹಿಂದಿನದರಲ್ಲಿ ಅವನು ಪಿನ್ನನ್ನು ಕತ್ತರಿಸಿ ಹೊಸದು ಕೂರಿಸುತ್ತಿದ್ದ. ಕತ್ತರಿಸಿದ ತುಂಡುಗಳನ್ನು ಪ್ಯಾಂಟಿನ ಜೇಬಿಗಿಳಿಸಿ, ಬೇರೆ ಬೀದಿಯ ಕಸದ ಡಬ್ಬಿಗೆ ಹಾಕಿ ಬರುತ್ತಿದ್ದ. ಅಕ್ಕ ಬಟ್ಟೆ ಒಗೆಯುವಾಗ ಜೇಬಿನಲ್ಲಿ ತಾಮ್ರದ ಕೂದಲು ಸಿಕ್ಕರೆ ಇಬ್ಬರನ್ನೂ ಬೈಯುತ್ತಿದ್ದಳು.

ಆದರೆ ಈ ಮನೆಯ ಗೋಡೆಯೊಳಗೆ ಭಾವ ವೈರು ಎಳೆದಾಗ ಅವನು ಜೊತೆಗಿರಲಿಲ್ಲ. ಟ್ಯಾಕ್ಸಿ ಆಫೀಸಿನವರು ತಮ್ಮ ವೈರ್‌ಲೆಸ್ಸಿಗೆಂದು ತರಿಸಿ, ಆಮೇಲೆ ಈ ಕಡೆ ತಲೆಹಾಕದ ಐವತ್ತರ ಸುರುಳಿ ಅಂಗಡಿಯಲ್ಲಿತ್ತು. ಮೂರು ತಿಂಗಳ ಹಿಂದೆ ಸುಣ್ಣ ಬಳಿಸಿದಾಗ ಅವನೇ ಹಲಗೆಗಳ ಸಾಮಾನನ್ನು ಅದಲುಬದಲು ಮಾಡಿದ್ದ. ಎಪ್ಪತ್ತೈದು ಇದ್ದ ಜಾಗಕ್ಕೆ ಐವತ್ತು ಬಂತು. ಭಾವನಿಗೆ ಹೇಳಬೇಕೆಂದು ಹೊಳೆಯಲಿಲ್ಲ; ಮೈಮೇಲೆ ಬರೆದಿದೆಯಲ್ಲ ಎಂಬ ಹಳೆಯ ರೂಢಿಯಲ್ಲಿ, ಓದುವ ಕಣ್ಣಿಲ್ಲವೆಂಬುದು ಆ ಗಳಿಗೆ ಮರೆತಿತ್ತು.

ಭಾವ ಕೋಣೆಯೊಳಗೆ ಬಂದು ಏನಂತೆ ಎಂದು ಕೇಳಿದ. ಡಿಶ್ ಕೊಂಚ ವಾಲಿರಬೇಕು ಭಾವ, ನೀವು ಕೂತಿರಿ, ನಾನು ನೋಡುತ್ತೇನೆ ಎಂದ ಅವನು.

“ಮೇಲೆ ಡಿಶ್ ಹತ್ರ ಸಿಗ್ನಲ್ ಮೀಟರ್ ಕಿರುಚ್ತಾ ಇದೆ. ಇಲ್ಲಿ ಬರೋ ಹೊತ್ತಿಗೆ ಉಸಿರೇ ಇಲ್ಲ,” ಎಂದ ಭಾವ. “ನಡುವೆ ಇರೋದು ವೈರು ತಾನೆ. ಸರಿ ಆ ಕಡೆ.”

ಕೆಲಸ ಮಾತ್ರ ಭಾವನ ತಲೆಯಲ್ಲಿ ಇನ್ನೂ ಸ್ಪಷ್ಟವಾಗಿತ್ತು. ಸಂದಿಯಲ್ಲಿ ಕೂತು ವೈರಿನ ತುದಿ ಹುಡುಕಿ ಹಿಡಿದ. ಹೆಬ್ಬೆರಳಿನಲ್ಲಿ ಬಾಗಿಸಿದ. ಬಿಟ್ಟ. ಮತ್ತೆ ಬಾಗಿಸಿದ. ಮುಖ ಓರೆ ಮಾಡಿ ಬಹಳ ಹೊತ್ತು ಅದನ್ನೇ ನೋಡುತ್ತ ಕೂತ.

“ಏನು ಬರೆದಿದೆ ಓದು.”

ಎಪ್ಪತ್ತೈದು ಎಂದುಬಿಡಬಹುದಿತ್ತು. ಭಾವ ನಂಬುತ್ತಿದ್ದ, ನಂಬದಿದ್ದರೂ ನಂಬಿದ ಹಾಗೆ ಮಾಡುತ್ತಿದ್ದ. ಆಮೇಲೆ ಯಾವತ್ತಾದರೂ ಒಬ್ಬನೇ ಬಂದು ಗೋಡೆ ಕೊರೆದು ವೈರು ಬದಲಿಸಿದರಾಯಿತು. ಆದರೆ ಶುಕ್ರವಾರ ಇನ್ನೊಂದು ಕೆಲಸವಿತ್ತು, ನಾಲ್ಕನೆಯ ಮಹಡಿಯ ಮೇಲೆ, ಇನ್ನೂ ಅಂಚಿನ ಗೋಡೆ ಕಟ್ಟದ ತಾರಸಿ. ಡಿಶ್ ನಾನೇ ನಿಲ್ಲಿಸುತ್ತೇನೆ ಎಂದು ಭಾವ ಆಗಲೇ ಹೇಳಿಯಾಗಿತ್ತು.

“ಐವತ್ತು,” ಎಂದ ಅವನು.

ಡ್ರೈವರಿಗೆ ವಿಷಯ ಅರ್ಥವಾಗದಿದ್ದರೂ ಇಬ್ಬರ ಮುಖ ಅರ್ಥವಾಯಿತು. ಗೋಡೆ ತಾನೆ, ಒಡೆದು ಕಟ್ಟಿದರಾಯಿತು, ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಎಂದು ಹೇಳಿ, ನೀರು ತರುವ ನೆಪದಲ್ಲಿ ಹೊರಗೆ ಹೋದ.

“ಹಲಗೆ ಬದಲಾಯಿಸಿದ್ದು ನಾನು ಭಾವ. ನಿಮಗೆ ಹೇಳಲಿಲ್ಲ.”

“ಜಾಗ ನೋಡಿ ವೈರು ತಗೊಳ್ಳೋದು ಯಾರು? ಕುರುಡ.” ಆ ಮಾತನ್ನು ಭಾವ ಮೊದಲ ಸಲ ಆಡಿದ್ದ. “ನಿನಗೆ ಯಾವಾಗಿಂದ ಗೊತ್ತು?”

“ಎರಡು ವರ್ಷ ಆಯ್ತು.”

ಭಾವ ಲೆಕ್ಕ ಹಾಕುತ್ತಿದ್ದವನಂತೆ ನೆಲ ನೋಡಿದ. ಪುಸ್ತಕದಂಗಡಿಯ ಮೇಲಿನ ಮನೆಯ ಪಿನ್ನುಗಳು ಎಂದು ಕೇಳಿದ. ಮತ್ತೆ ಹಾಕಿದೆ ಎಂದ ಅವನು. ಹಲ್ಲಿನ ಡಾಕ್ಟರಮ್ಮನ ಮನೆಯವು ಎಂಟಿದ್ದವಲ್ಲ ಎಂದ ಭಾವ. ಎಂಟೂ ಎಂದ ಅವನು. ಆ ಡಾಕ್ಟರಮ್ಮ ಅಂಗಡಿಗೇ ಬಂದು, ಎಪ್ಪತ್ತೈದು ಮಾಡಿದ ಕೆಲಸ ಅಂದರೆ ಕೆಲಸ ಎಂದು ಹತ್ತು ಜನರೆದುರು ಹೊಗಳಿದ್ದಳು. ಅವತ್ತು ಭಾವ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಸಿಳ್ಳೆ ಹಾಕಿದ್ದ.

“ಹಾಗಾದ್ರೆ ಈ ಎರಡು ವರ್ಷ ನಾನು ಏನು ಮಾಡ್ತಾ ಇದ್ದೆನೋ?”

ಹೊರಗೆ ಡ್ರೈವರನ ಹೆಂಡತಿ, ಕಿವಿ ಕೇಳದ ಗಂಡನಿಗೆ ಏನನ್ನೋ ಗಟ್ಟಿಯಾಗಿ ಎರಡೆರಡು ಸಲ ಹೇಳುತ್ತಿದ್ದಳು.

“ಶುಕ್ರವಾರ ನೀವು ಬರೋದು ಬೇಡ ಭಾವ,” ಎಂದ ಅವನು. “ಇನ್ನು ಮೇಲೆ ಯಾವ ಕೆಲಸಕ್ಕೂ ಬೇಡ.”

ವೈರು ಸುಲಿಯುವ ಕತ್ತರಿ ಭಾವನ ಬಲಗೈಯಲ್ಲೇ ಇತ್ತು. ಗೋಡೆಯಿಂದ ಹೊರಬಂದ ತುದಿಯನ್ನು ಅದರ ಬಾಯಿಗಿಟ್ಟು ಸಿಪ್ಪೆ ಸುಲಿಯತೊಡಗಿದ, ಬೇರೆ ಯಾವ ಮಾತೂ ಆಗಿಯೇ ಇಲ್ಲವೆಂಬಂತೆ. ಜಡೆಯ ಜೊತೆಗೆ ನಡುವಿನ ತಂತಿಯೂ ತುಂಡಾಗಿ ನೆಲಕ್ಕೆ ಬಿತ್ತು. ಮತ್ತೊಂದು ಇಂಚು ಮುಂದೆ ಹಿಡಿದ. ಅದೂ ತುಂಡಾಯಿತು. ಮೂರನೆಯ ಸಲ ಅವನು ಭಾವನ ಕೈ ಹಿಡಿದ. ಕೊಡಿ ಭಾವ ಎಂದ. ಭಾವ ಕೊಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಇಬ್ಬರೂ ನಡೆದೇ ಮನೆಗೆ ಬಂದರು. ಭಾವ ಚಪ್ಪಲಿಯನ್ನೂ ಬಿಡದೆ ಒಳಗೆ ಹೋಗಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತ. ಅಕ್ಕ ಆ ಚಪ್ಪಲಿಯನ್ನು ನೋಡಿದಳು, ಖಾಲಿ ಕೈಯನ್ನು ನೋಡಿದಳು, ತಮ್ಮನನ್ನು ಹಿತ್ತಲ ಬಾಗಿಲಿಗೆ ಕರೆದಳು. ದನಿ ತಗ್ಗಿಸಿ ಕೇಳಿದ್ದು ಒಂದೇ ಮಾತು.

“ಅವರೇ ಬಿಟ್ರಾ?”

ಹೌದು ಎಂದರೆ ಸಾಕೆಂಬುದು ಅವಳ ಕಣ್ಣಲ್ಲೇ ಇತ್ತು.

“ಇಲ್ಲ ಅಕ್ಕ. ನಾನೇ ಕಿತ್ಕೊಂಡೆ.”

ಅವಳು ತಲೆಯಾಡಿಸಿದಳು. ಒಳಗೆ ಹೋಗಿ, ಗಂಡನ ಮುಂದೆ ನೆಲದ ಮೇಲೆ ಕೂತು, ಒಂದು ಕಾಲಿನದು, ಆಮೇಲೆ ಇನ್ನೊಂದು ಕಾಲಿನದು, ಚಪ್ಪಲಿ ಬಿಚ್ಚಿದಳು. ಅವನು ಹಿತ್ತಲ ಬಾಗಿಲಲ್ಲೇ ನಿಂತಿದ್ದ. ಹನ್ನೊಂದು ವರ್ಷದ ಹಿಂದೆ ಕೊಟ್ಟ ಮಾತನ್ನು ಅವನು ಮುರಿದಿದ್ದ.